ಮೆಲಿತ್ತಾ ‘ನಾಳೆ’ ಅನ್ನದ ವರ್ಷ

ಪ್ರಿನೋಸ್ ಊರಿನಲ್ಲಿ ಜವೆಗೋಧಿ ಕೊಯ್ಯುವ ದಿನವನ್ನು ಗೊತ್ತುಮಾಡುತ್ತಿದ್ದುದು ಊರಿನ ಹಿರಿಯರಲ್ಲ, ಬೆಳೆಯ ದೇವತೆ ಡಿಮೀಟರ್ ತಾಯಿಯ ಗುಡಿಯ ಪೂಜಾರಿಯೂ ಅಲ್ಲ, ಮೆಲಿತ್ತಾಳ ಹಲ್ಲು. ವಸಂತ ಮುಗಿಯುತ್ತ ಬಂದಂತೆ ಅವಳು ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ, ಒಂದು ತೆನೆ ಮುರಿದು, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದಳು. ಹಾಲು ಚಿಮ್ಮಿದರೆ ಸುಮ್ಮನೆ ಮನೆಗೆ ಬರುತ್ತಿದ್ದಳು. ಹಾಲು ಗಟ್ಟಿಯಾಗಿ ಕಾಳು ಹಲ್ಲಿಗೆ ಬೆಣ್ಣೆಯ ಹಾಗೆ ಸಿಕ್ಕಿದ ದಿನ ಬಾವಿಕಟ್ಟೆಯ ಹತ್ತಿರ ನಿಂತು “ನಾಳೆ” ಅನ್ನುತ್ತಿದ್ದಳು. ಅಷ್ಟೇ ಮಾತು. ಮಾರನೆಯ ದಿನ ಸೂರ್ಯ ಹುಟ್ಟುವುದರೊಳಗೆ ಊರಿಗೆ ಊರೇ ಕುಡುಗೋಲು ಹಿಡಿದು ಹೊಲದಲ್ಲಿರುತ್ತಿತ್ತು.

ಜವೆಯನ್ನು ಹಸಿರಿರುವಾಗಲೇ ಕೊಯ್ಯುವ ಹುಚ್ಚರು ಯಾರು ಎಂದು ದೂರದವರು ಕೇಳುತ್ತಿದ್ದರು. ಅವರಿಗೇನು ಗೊತ್ತು? ನಮ್ಮ ಕೆರ್ಸೊನೆಸ್ ಕಡಲೊಳಕ್ಕೆ ಚಾಚಿಕೊಂಡ ಉದ್ದನೆಯ ನೆಲ. ಅದು ಮುಖ್ಯಭೂಮಿಗೆ ಅಂಟಿಕೊಂಡ ಕುತ್ತಿಗೆಯಲ್ಲೇ ನಮ್ಮ ಊರು, ಕುತ್ತಿಗೆಯ ಆಚೆಗೆ ಥ್ರೇಸಿನವರು. ತೆನೆ ಹಳದಿಗೆ ತಿರುಗಿತೆಂದರೆ ಸಾಕು, ಅವರ ಕುದುರೆಗಳು ಬಂದವೆಂದೇ ಲೆಕ್ಕ. ಕಾಳು, ದನ, ಮನುಷ್ಯರು, ಕೈಗೆ ಸಿಕ್ಕಿದ್ದೆಲ್ಲ ಅವರದ್ದೇ. ಅದಕ್ಕೆ ನಮ್ಮವರು ಹಣ್ಣಾಗುವ ಮೊದಲೇ ಕೊಯ್ದು, ಹಸಿ ತೆನೆಯನ್ನು ಬೆಂಕಿಯಲ್ಲಿ ಬಾಡಿಸಿ, ಉಜ್ಜಿ, ಹುರಿದು, ಮೂಟೆ ಕಟ್ಟಿ ಗುಡ್ಡದ ಮೇಲಿನ ಕೋಟೆಗೆ ಹೊತ್ತುಬಿಡುತ್ತಿದ್ದರು. ಅವರು ಐದು ದಿನ ಮುಂಚೆ ಬಂದರೆ ಮುಂದಿನ ವರ್ಷ ನಾವು ಆರು ದಿನ ಮುಂಚೆ ಕೊಯ್ಯುತ್ತಿದ್ದೆವು. ಹೀಗೆ ಅರವತ್ತು ವರ್ಷ ಓಡಾಟ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇತ್ತು. ಅದೇ ಗುಡ್ಡದ ಮೇಲೆ ನಿಂತು ತೆಂಕಣಕ್ಕೆ ನೋಡಿದರೆ ಹೆಲೆಸ್ಪಾಂಟ್ ಜಲಸಂಧಿ. ಅಲ್ಲಿ ಸಾಲುಗಟ್ಟಿ ಹೋಗುವ ಹಡಗುಗಳಲ್ಲಿ ಕಪ್ಪು ಸಮುದ್ರದ ಕಡೆಯ ಹಣ್ಣಾದ ಗೋಧಿ. ಆ ದಾರಿ ಕೈಯಲ್ಲಿರಲಿ ಎಂದು ಅಥೆನ್ಸಿನವರು ನಮ್ಮ ನೆಲವನ್ನು ಪ್ರೀತಿಸಿದರು. ಅದು ಅಥೆನ್ಸಿನ ಕೈಗೆ ಸಿಗದಿರಲಿ ಎಂದು ಸ್ಪಾರ್ಟಾದವರು ಪ್ರೀತಿಸಿದರು. ಇಬ್ಬರ ಪ್ರೀತಿಯಲ್ಲೂ ನಮ್ಮ ಪಾಲಿಗೆ ಬಂದದ್ದು ಹಸಿ ಜವೆಯೇ.

ಮೆಲಿತ್ತಾ ಹದಿನೈದರ ಹುಡುಗಿಯಾಗಿದ್ದಾಗಲೇ ಸೊಸೆಯಾಗಿ ಬಂದವಳು. ಮೂರು ವರ್ಷದಲ್ಲೇ ಹಸಿಗಾಳು ಹುರಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೆಂಕಿ ಒಂದು ಚೂರು ಹೆಚ್ಚಾದರೆ ಕಾಳು ಕರಕಲು, ಕಡಿಮೆಯಾದರೆ ಮಳೆಗಾಲಕ್ಕೆ ಬೂಸ್ಟು. ಅವಳು ಹುರಿದ ಕಾಳಿಗೆ ಎರಡೂ ಗೊತ್ತಿರಲಿಲ್ಲ. ಆದರೆ ಹಸಿಗಾಳಿಗೆ ಒಂದು ಕೊರತೆ ಇತ್ತು, ಅದನ್ನು ಯಾವ ಬೆಂಕಿಯೂ ತುಂಬಲಾರದು. ಅದು ಬಿತ್ತನೆಗೆ ಬಾರದು. ಪ್ರತಿ ವರ್ಷ ಬಿತ್ತನೆ ಬೀಜ ತೆಂಕಣದ ಸೆಸ್ಟೋಸ್ ಪಟ್ಟಣದಿಂದ ಕತ್ತೆಯ ಮೇಲೆ ಬರಬೇಕು. ಬೆಚ್ಚಗಿನ ನೆಲದ ಆ ಬೀಜಕ್ಕೆ ನಮ್ಮ ಬಡಗಣ ಗಾಳಿ ಒಗ್ಗದು. ಅರ್ಧ ಮೊಳೆಯುವುದು, ಅರ್ಧ ಮುರುಟುವುದು.

“ನಮ್ಮ ನೆಲದಲ್ಲಿ ಹಣ್ಣಾದ ಬೀಜ ಒಂದೇ ಒಂದು ಬುಟ್ಟಿ ಸಿಕ್ಕಿದ್ರೆ ಸಾಕು ಕಣೆ,” ಅನ್ನುತ್ತಿದ್ದ ಅವಳ ಗಂಡ ತೆಲೆಸ್. ಒಂದು ವರ್ಷ ಹಟ ಹಿಡಿದು ಹಳ್ಳದ ಬದಿಯ ನಾಲ್ಕು ಸಾಲನ್ನು ಕೊಯ್ಯದೆ ಬಿಟ್ಟ. ಹನ್ನೆರಡು ದಿನ ಕಾದ. ಹದಿಮೂರನೆಯ ದಿನ ಕುದುರೆಗಳು ಬಂದವು. ತೆಲೆಸ್ ಆ ನಾಲ್ಕು ಸಾಲಿನ ನಡುವೆಯೇ ಹೆಣವಾಗಿ ಬಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲಿನ ಹದಿನೆಂಟು ವರ್ಷ ಮೆಲಿತ್ತಾ “ನಾಳೆ” ಅನ್ನುವುದನ್ನು ಎರಡು ದಿನ ಮುಂಚೆಯೇ ಅನ್ನುತ್ತಿದ್ದಳು. ಕಾಳು ಸಣ್ಣದಾಯಿತೆಂದು ಯಾರೂ ದೂರಲಿಲ್ಲ. ಗಂಡನ ಆಸೆ ಮಾತ್ರ ಅವಳೊಳಗೆ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಕೊನೆಗೆ ನಮ್ಮ ಹನ್ನೊಂದು ಪಟ್ಟಣದವರೂ ಸೇರಿ ಸ್ಪಾರ್ಟಾಕ್ಕೆ ದೂತರನ್ನು ಕಳಿಸಿ, ನಮ್ಮ ನೆಲದ ಕುತ್ತಿಗೆಗೆ ಅಡ್ಡಲಾಗಿ ಗೋಡೆ ಕಟ್ಟಿಕೊಡಿ ಎಂದು ಕೇಳಿದರು. ಒಬ್ಬ ದಳಪತಿ ದಂಡು ಸಮೇತ ಬಂದ. ಕಡಲಿನಿಂದ ಕಡಲಿಗೆ ಗೆರೆ ಎಳೆದು, ಊರೂರಿನ ಸೈನಿಕರಿಗೆ ಚೀಟಿ ಎತ್ತಿ ಪಾಲು ಹಂಚಿ, ಮೊದಲು ಮುಗಿಸಿದವರಿಗೆ ಬಹುಮಾನ ಎಂದು ಸಾರಿಬಿಟ್ಟ. ಈಟಿ ಹಿಡಿಯುವ ಕೈಗಳು ಪೈಪೋಟಿಯಲ್ಲಿ ಕಲ್ಲು ಹೊತ್ತವು. ವಸಂತದಲ್ಲಿ ಶುರುವಾದ ಕೆಲಸ ದ್ರಾಕ್ಷಿ ಕೀಳುವ ಮೊದಲೇ ಮುಗಿಯಿತು.

ನಮ್ಮೂರ ಎದುರಿನ ಹಳ್ಳದ ಪಾಲು ದಂಡಿನಲ್ಲಿದ್ದ ಅಖಾಯಾ ಸೀಮೆಯವರಿಗೆ ಬಿದ್ದಿತ್ತು. ಮೆಲಿತ್ತಾ ಅವರಿಗೆ ದಿನಾ ಹುರಿದ ಕಾಳು, ಈರುಳ್ಳಿ, ಉಪ್ಪುಮೀನು ಹೊತ್ತುಕೊಂಡು ಹೋಗುತ್ತಿದ್ದಳು. ಅವರಲ್ಲಿ ಕಲ್ಲುಕುಟಿಗನೊಬ್ಬ ಮೊದಲ ದಿನವೇ ಕಾಳು ಬಾಯಿಗೆ ಹಾಕಿ ಮುಖ ಹಿಂಡಿದ.

“ಏನಮ್ಮಾ, ಇದು ಮೇಕೆ ಮೇವಾ?”

“ಹೂಂ. ಮೇಕೆಗೆ ಹಾಕಿ ಉಳಿದದ್ದು ನಿಂಗೆ ತಂದೆ,” ಅಂದಳು ಮೆಲಿತ್ತಾ.

ಅಂದಿನಿಂದ ಇಬ್ಬರಿಗೂ ಮಾತು ಬೆಳೆಯಿತು. ಹಳ್ಳದ ಕೆಳಗೆ ಆಳುದ್ದ ಅಗೆದು ಬಂಡೆಯ ಮೇಲೆ ಪಾಯ ಕೂರಿಸಿದ್ದನ್ನು ಅವನು ಅವಳನ್ನು ಇಳಿಸಿ ತೋರಿಸಿದ. ಹೊರಡುವ ದಿನ ಕೈ ತೊಳೆಯುತ್ತ, “ನೋಡಮ್ಮಾ, ಈ ಗೋಡೆ ಎದ್ದ ಮೇಲೂ ನೀನು ಹಸಿ ಕಾಳೇ ಹುರಿದ್ರೆ, ನಾನಿಲ್ಲಿ ಬೆನ್ನು ಮುರ್ಕೊಂಡಿದ್ದು ದಂಡ,” ಅಂದ. ದಂಡು ಜಲಸಂಧಿ ದಾಟಿ ಏಷ್ಯಾದ ಕಡೆಗೆ ಹೋಯಿತು.

ಮುಂದಿನ ವಸಂತ ಬಂತು. ಗೋಡೆ ಎಲ್ಲರ ಕಣ್ಣೆದುರಿಗೇ ಇತ್ತು, ಹಬ್ಬದ ದಿನ ಅದರ ಮೇಲೆ ಹೂ ಕೂಡ ಇಟ್ಟು ಬಂದಿದ್ದರು. ಆದರೂ ಜವೆ ಕಾಳುಕಟ್ಟುತ್ತಿದ್ದ ಹಾಗೆ ಊರಿನವರು ಎಂದಿನಂತೆ ಕುಡುಗೋಲು ಮಸೆದರು, ಹುರಿಯುವ ಗುಂಡಿಗಳ ಪಕ್ಕ ಸೌದೆ ಒಟ್ಟಿದರು. ಹಾಗೆ ಮಾಡಬೇಕೋ ಬೇಡವೋ ಎಂದು ಒಬ್ಬರೂ ಕೇಳಲಿಲ್ಲ. ಅರವತ್ತು ವರ್ಷದ ಹೆದರಿಕೆ ಮೈಗೆ ಇಳಿದುಬಿಟ್ಟಿದ್ದರೆ, ಅದನ್ನು ಗೋಡೆ ಎಲ್ಲಿ ತಡೆದೀತು?

ಮೆಲಿತ್ತಾ ಆ ಬೆಳಿಗ್ಗೆ ಕಾಳು ಕಚ್ಚಿದಳು. ಬೆಣ್ಣೆಯ ಹಾಗೆ ಸಿಕ್ಕಿತು. ಬಾವಿಕಟ್ಟೆಗೆ ಬಂದಳು. ಜನ ಕಾಯುತ್ತಿದ್ದರು. ಅವಳು ಕೊಡಕ್ಕೆ ನೀರು ಸೇದಿ, ಸೊಂಟಕ್ಕೇರಿಸಿ, ಬಾಯಿ ಬಿಡದೆ ಮನೆಗೆ ನಡೆದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಮೈದುನ ಗೊರ್ಗೋಸ್ ಹತ್ತು ಜನರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದ. ತೆಲೆಸನ ತಮ್ಮ ಅವನು. ಒಳ್ಳೆಯವನೇ, ಆದರೆ ಹೆದರಿಕೆ ಬಂದಾಗ ದನಿ ಏರುವ ಜಾತಿ.

“ಅತ್ತಿಗೆ, ನಿನ್ನ ಹಲ್ಲಿಗೇನಾಗಿದೆ? ನಮ್ಮ ಹೊಲದಲ್ಲಿ ಕಾಳು ಬಲಿತುಹೋಗ್ತಿದೆ.”

“ಬಲೀಲಿ.”

“ಬಲೀಲಿ ಅಂದ್ರೆ?”

“ಹಣ್ಣಾಗ್ಲಿ. ಇನ್ನಿಪ್ಪತ್ತು ದಿನ ಬೇಕು. ಈ ವರ್ಷ ಬೀಜ ನಮ್ಮದೇ.”

ಗೊರ್ಗೋಸ್ ಹಿಂದಿದ್ದವರ ಕಡೆ ತಿರುಗಿ ನಕ್ಕ. “ಕೇಳಿದ್ರೇನ್ರಪ್ಪಾ, ಕೂಸು ಹುಟ್ಟೋ ಮುಂಚೆ ಕುಲಾವಿ.” ಆಮೇಲೆ ನಗು ಬತ್ತಿತು. “ನನ್ನಣ್ಣನ್ನ ಆ ಬೀಜವೇ ತಿಂತು. ಈಗ ಊರನ್ನೂ ತಿನ್ನಿಸ್ತೀಯಾ? ನಿನ್ನೊಬ್ಬಳ ಹೊಲ ಹಳದಿ ನಿಂತರೂ ಸಾಕು, ಆಚೆ ಗುಡ್ಡದಿಂದ ಅವರಿಗೆ ಕಾಣುತ್ತೆ.”

ಆ ಮಾತು ಮೆಲಿತ್ತಾಳ ಎದೆಗೆ ನೆಟ್ಟಿತು. ಆದರೂ ಸೊಂಟದ ಮೇಲಿನ ಕೊಡ ಕೆಳಗಿಟ್ಟು ಬಾಗಿಲಲ್ಲೇ ನಿಂತಳು.

“ಗೋಡೆ ಇದೆಯಲ್ಲೋ.”

“ಗೋಡೆ ಇದೆ. ಅದರ ಮೇಲೆ ಯಾರಿದ್ದಾರೆ? ಕಟ್ಟಿದೋರು ಕಡಲು ದಾಟಿ ಹೋದ್ರು.”

“ನೀವಿದ್ದೀರಲ್ಲ. ಪ್ರತಿ ವರ್ಷ ಈ ಇಪ್ಪತ್ತು ದಿನ ಏನು ಮಾಡ್ತೀರಿ? ಕೊಯ್ತೀರಿ, ಹುರೀತೀರಿ, ಹೊರ್ತೀರಿ. ಈ ವರ್ಷ ಕೊಯ್ಯೋದಿಲ್ಲ. ಅಷ್ಟೂ ಕೈ ಬಿಡುವಾಗಿದೆ. ಹೋಗಿ ಗೋಡೆ ಮೇಲೆ ನಿಂತ್ಕೊಳ್ಳಿ. ಅಕ್ಕಪಕ್ಕದ ಊರಿಗೂ ಹೇಳಿ ಕಳಿಸಿ. ಅವರು ಕಟ್ಟೋಕೆ ಚೀಟಿ ಎತ್ತಿದ ಹಾಗೇ ನೀವು ಕಾಯೋಕೆ ಎತ್ತಿ.”

ಒಳಗಿನಿಂದ ಕೋಲು ಊರಿಕೊಂಡು ಅತ್ತೆ ಫಿಲಿನ್ನಾ ಬಂದಳು. ಎಂಬತ್ತು ದಾಟಿದ ಮುದುಕಿ, ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಮಾತ್ರ ಹರಿತ.

“ಗೊರ್ಗೋಸಾ, ನಾನು ಹುಡುಗಿಯಾಗಿದ್ದಾಗ ಹಣ್ಣಾದ ಜವೆ ಮುದ್ದೆ ತಿಂದಿದ್ದೆ. ಸಾಯೋದ್ರೊಳಗೆ ಇನ್ನೊಂದ್ಸಲ ತಿನ್ಬೇಕು. ಒಬ್ಬ ಮಗನ್ನ ಅದೇ ಹೊಲಕ್ಕೆ ಕೊಟ್ಟೋಳು ನಾನು. ನಾನೇ ಹೆದರ್ತಿಲ್ಲ, ನಿಂಗೇನೋ ದಾಡಿ?”

ತಾಯಿಯ ಮಾತಿಗೆ ಎದುರಾಡಲು ಗೊರ್ಗೋಸನಿಗೆ ಆಗಲಿಲ್ಲ. ಇನ್ನು ಮೆಲಿತ್ತಾ “ನಾಳೆ” ಅನ್ನದೆ ಕುಡುಗೋಲು ಹಾಕಿದರೆ ಡಿಮೀಟರ್ ತಾಯಿ ಮುನಿಯುತ್ತಾಳೆಂಬ ಅಂಜಿಕೆ ಎಲ್ಲರಿಗೂ ಇತ್ತು. ಗೊಣಗುತ್ತಲೇ ಚೀಟಿ ಎತ್ತಿದರು. ಸುತ್ತಲಿನ ಏಳು ಊರುಗಳು ಸೇರಿದವು. ಹಳ್ಳದ ಪಾಲು ಗೊರ್ಗೋಸನಿಗೇ ಬಿತ್ತು.

ದಿನಗಳು ಉರುಳಿದವು. ಹೊಲ ಹಸಿರು ಬಿಟ್ಟು ಹಳದಿಗೆ, ಹಳದಿ ಬಿಟ್ಟು ಹೊಂಬಣ್ಣಕ್ಕೆ ತಿರುಗಿತು. ಊರಿನ ಹೆಚ್ಚಿನ ಜನ ಆ ಬಣ್ಣವನ್ನು ನೋಡಿದ್ದು ಅದೇ ಮೊದಲು. ಚೆಲುವಾಗಿದೆ ಅನ್ನಲೂ ಹೆದರಿಕೆ. ಹೆಂಗಸರೂ ಮಕ್ಕಳೂ ಕೋಟೆಗೆ ಹೋದರು. ಮೆಲಿತ್ತಾ ಹೋಗಲಿಲ್ಲ. ತನ್ನ ಮಾತಿನಿಂದ ನಿಂತ ಬೆಳೆಯ ಪಕ್ಕ ತಾನಿಲ್ಲದಿದ್ದರೆ ಹೇಗೆ ಎಂದು ದಿನವಿಡೀ ಹೊಲದಲ್ಲೇ ಕೂರುತ್ತಿದ್ದಳು.

ಹದಿನೇಳನೆಯ ದಿನ ಮಧ್ಯಾಹ್ನ ಗೋಡೆಯ ಕಡೆಯಿಂದ ಗದ್ದಲ ಕೇಳಿಸಿತು. ಕುದುರೆಗಳ ಸದ್ದು, ಕೂಗು, ಕಲ್ಲು ಬೀಳುವ ಸದ್ದು. ಮೆಲಿತ್ತಾ ಎದ್ದು ನಿಂತಳು. ಎಷ್ಟೋ ಹೊತ್ತು ಹಾಗೆಯೇ ಕಳೆಯಿತು. ಆಮೇಲೆ ಸದ್ದೆಲ್ಲ ಒಮ್ಮೆಲೇ ನಿಂತು, ಗೋಡೆಯಿಂದ ಗಂಡಸರು ಊರಿನ ಕಡೆಗೆ ಓಡಿಬರುತ್ತಿರುವುದು ಕಂಡಿತು. ಗೋಡೆ ಒಡೆಯಿತು ಅಂದುಕೊಂಡಳು. ತಾನೇ ಊರನ್ನು ಕೊಂದೆ ಎಂಬ ಒಂದೇ ಮಾತು ತಲೆಯಲ್ಲಿ.

ಎಲ್ಲರಿಗಿಂತ ಮುಂದೆ ಗೊರ್ಗೋಸ್ ಇದ್ದ. ಹಣೆಯಲ್ಲಿ ರಕ್ತ. ಹತ್ತಿರ ಬಂದವನೇ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಟ್ಟ.

“ಹೇಳೋ. ಏನಾಯ್ತು ಹೇಳೋ.”

ಗೊರ್ಗೋಸ್ ತಲೆಯೆತ್ತಿದ. ಅವನು ನಗುತ್ತಿದ್ದ.

“ಮೂಟೆ ತಂದಿದ್ರು, ಅತ್ತಿಗೆ. ಖಾಲಿ ಮೂಟೆ. ಕತ್ತೆ ಮೇಲೆ ಹೇರ್ಕೊಂಡು ಬಂದಿದ್ರು, ಸಂತೆಗೆ ಬಂದ ಹಾಗೆ. ಹಳ್ಳದ ಹತ್ರ ಹತ್ತೋಕೆ ನೋಡಿದ್ರು. ಪಾಯ ಅಗೆಯೋಕೆ ನೋಡಿದ್ರು. ಬಂಡೆ ಸಿಕ್ತು. ಮೇಲಿಂದ ನಾವು ಕಲ್ಲು ಉರುಳಿಸಿದ್ವಿ. ಅರ್ಧ ದಿನ ಒದ್ದಾಡಿ ವಾಪಸ್ ಹೋದ್ರು. ‘ಬೀಜ ಬೇಕಾದ್ರೆ ಸೆಸ್ಟೋಸಿಗೆ ಹೋಗ್ರೋ’ ಅಂತ ಕೂಗಿ ಕೂಗಿ ಗಂಟಲೇ ಹೋಯ್ತು ನಂದು.”

“ನಮ್ಮೋರು?”

“ಎಲ್ಲ ಇದ್ದಾರೆ. ಒಬ್ಬನ ಕೈ ಮುರಿದಿದೆ. ಅವನೂ ನಗ್ತಿದ್ದಾನೆ.”

ಮೆಲಿತ್ತಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅಂಥ ಸಂತೋಷವನ್ನು ಅವಳ ಮೈ ಅದುವರೆಗೆ ಕಂಡಿರಲಿಲ್ಲ. ಮೂರು ದಿನ ಕಳೆದ ಮೇಲೆ ಒಂದು ಕಾಳು ಕಚ್ಚಿದಳು, ಅದು ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿತು. ಬಾವಿಕಟ್ಟೆಗೆ ಹೋಗಿ “ನಾಳೆ” ಅಂದಳು. ಊರು ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು.

ಕೊಯ್ಲಿನ ಕತೆ ಹೇಳಿದರೆ ಈಗಲೂ ನಗು ಬರುತ್ತದೆ. ಹಸಿ ಕೊಯ್ದು ರೂಢಿಯಾದ ಜನ ಉರಿಬಿಸಿಲು ಏರಿದ ಮೇಲೂ ನಿಲ್ಲಿಸದೆ ತೆನೆಗಳನ್ನು ಕಿತ್ತೆಳೆದರು. ಹಣ್ಣಾದ ಕಾಳು ಚಟಚಟನೆ ನೆಲಕ್ಕೆ ಉದುರಿತು. ಮೆಲಿತ್ತಾಳೇ ಎಲ್ಲರಿಗಿಂತ ಮೊದಲು ಹುರಿಯುವ ಗುಂಡಿಗೆ ಬೆಂಕಿ ಹಾಕಿ ಕುಳಿತಿದ್ದಳು. ಫಿಲಿನ್ನಾಳನ್ನು ಮಂಚದ ಸಮೇತ ಹೊಲಕ್ಕೆ ಹೊತ್ತು ತಂದರು.

“ಅಯ್ಯೋ ಮಂಕುಗಳಾ, ಬೆಳಗಿನ ಇಬ್ಬನಿ ಇರೋವಾಗ ಕೊಯ್ಬೇಕು. ಮೆಲಿತ್ತಾ, ಆ ಬೆಂಕಿ ಆರಿಸೇ, ಯಾರನ್ನ ಹುರೀಬೇಕು ಅಂತಿದ್ದೀಯ? ಕಣ ಎಲ್ಲಿ? ಕಣದ ಮೇಲೆ ಗಿಡ ಬೆಳೆದಿದೆಯಲ್ರೋ, ಕೀಳಿ ಮೊದಲು.”

ಕೊಯ್ಲು, ಒಕ್ಕಣೆ ನಡೆದ ಹನ್ನೆರಡು ದಿನವೂ ಮುದುಕಿಯೇ ದಳಪತಿ. ಎತ್ತನ್ನು ಕಣದಲ್ಲಿ ಯಾವ ಕಡೆ ಸುತ್ತಿಸಬೇಕು, ಹೊಟ್ಟು ಹಾರಲು ಯಾವ ಗಾಳಿಗೆ ಕಾಯಬೇಕು ಎಲ್ಲವನ್ನೂ ಮಲಗಿದಲ್ಲಿಂದಲೇ ಬೈದು ಕಲಿಸಿದಳು. ಗಾಳಿ ಬಂತು, ತೂರಿಕೊಂಡರು. ರಾಶಿ ಬಿತ್ತು. ಮೊದಲ ಮುದ್ದೆಯನ್ನು ಎಣ್ಣೆಯಲ್ಲಿ ಅದ್ದಿ ಮುದುಕಿಯ ಬಾಯಿಗಿಟ್ಟರು. ಅವಳು ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡು, “ಉಪ್ಪು ಕಡಿಮೆ” ಅಂದಳು.

ಕಾರ್ಮೋಡ ಕವಿಯುವ ಮೊದಲು ಸೆಸ್ಟೋಸಿನ ಕತ್ತೆಗಳು ಎಂದಿನಂತೆ ಬೀಜ ಹೊತ್ತು ಬಂದವು. ಗೊರ್ಗೋಸ್ ಬೀಜದವನಿಗೆ ವೈನು ಕೊಟ್ಟು, ಊಟ ಹಾಕಿ, ಹೇರು ಇಳಿಸದೆ ಹಾಗೆಯೇ ವಾಪಸ್ ಕಳಿಸಿದ.

ಮೊದಲ ಮಳೆ ಬಿದ್ದು ನೆಲ ಹದವಾಯಿತು. ಮುಂದೆ ಗೊರ್ಗೋಸ್ ಎತ್ತು ಹೊಡೆದ, ಹಿಂದೆ ಮೆಲಿತ್ತಾ ಬೀಜದ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ನಡೆದಳು. ತೆಲೆಸ್ ಬಿದ್ದಿದ್ದ ಹಳ್ಳದ ಬದಿಯ ಸಾಲಿಗೆ ಬಂದಾಗ ಅವಳ ಕೈ ಬುಟ್ಟಿಯಲ್ಲೇ ನಿಂತುಹೋಯಿತು. ಆ ನೆಲದ್ದೇ ಬೀಜ ಆ ನೆಲಕ್ಕೆ. ತಡೆಯಲಾಗದೆ ಬಿಕ್ಕಿ ಬಿಕ್ಕಿ ಅತ್ತಳು. ಗೊರ್ಗೋಸನೂ ಎತ್ತು ನಿಲ್ಲಿಸಿ ಮುಖ ಆಚೆ ತಿರುಗಿಸಿದ.

ಬದುವಿನ ಮೇಲೆ ಫಿಲಿನ್ನಾ ಕಂಬಳಿ ಹೊದ್ದು ಕುಳಿತಿದ್ದಳು. ಅವಳ ಕಣ್ಣೂ ತುಂಬಿತ್ತು. ಆದರೂ ಕೋಲಿನಿಂದ ನೆಲ ತಟ್ಟಿದಳು.

“ಅಳೋದಾದ್ರೆ ಈ ಕಡೆ ಬಂದು ಅಳೇ. ನನ್ನ ಮಗನ ಬೀಜ ನೆನೆಸ್ಬೇಡ.”

ಮೆಲಿತ್ತಾ ಸೆರಗಿನಿಂದ ಮುಖ ಒರೆಸಿಕೊಂಡು, ಹಿಡಿ ತುಂಬಿಕೊಂಡು, ಬಿತ್ತುತ್ತ ಹೋದಳು.