ಟಾಕಿಗೂ ಗಾಳಿ ಬೇಕು

ಹೆಂಡತಿ ತೀರಿಕೊಂಡ ಮ್ಯಾಲೆ ನಮ್ಮ ಹಳೇ ಮಿಲ್ಟ್ರಿ ಜೀಪು ಮಾರೂದಂತ ಮಾಡಿದ್ದೆ. ಅಕಿ ಕುಂಡ್ರೂ ಜಾಗ ಖಾಲಿ ನೋಡಾಕ ಆಗತಿರಲಿಲ್ಲ. ಅದರಾಗ ಜೀಪು ಸ್ವಲ್ಪ ದೂರ ಓಡಿ ನಿಂತಬಿಡತಿತ್ತು.

ವಿಜಯಪುರದ ಗುಜರಿ ಸಾಹುಕಾರ ಟಿಕೋಟಾಕ್ಕ ಬಂದು ನನ್ನ ಬಾಜೂಕ ಕುಂತ. ಅವನ ಅಂಗಡಿಗೆ ನಾನ ಜೀಪು ಮುಟ್ಟಿಸಬೇಕಿತ್ತು. ಊರು ದಾಟಿದ್ದ ತಡ, ನಿಂತಿತು.

“ಯಜಮಾನ್ರ, ಇದು ಸತ್ತೈತ್ರಿ. ಕ್ರೇನ್ ತರಸ್ತೀನಿ.”

ಸತ್ತೈತಿ ಅನ್ನೂ ಮಾತು ನನಗ ಸೇರಲಿಲ್ಲ. ನನ್ನ ಸೀಟು ಎತ್ತಿದೆ. ಪೆಟ್ರೋಲ್ ಟಾಕಿ ಅದರ ಕೆಳಗ ಇರತೈತಿ. ಮುಚ್ಚಳ ತಿರುವಿದ ಕೂಡಲೆ ಟಾಕಿ ಸುಸ್ ಅಂತ ಗಾಳಿ ಎಳಕೊಂಡಿತು.

ಅಕಿ ನೆನಪಾದಳು. ಎಣ್ಣಿ ಡಬ್ಬಿಗೆ ಮೊಳಿ ಹೊಡದು ಎರಡು ತೂತು ಮಾಡತಿದ್ದಳು. ಒಂದು ಸಾಲದೇನು ಅಂದ್ರ, “ಗಾಳಿ ಒಳಗ ಹೋಗದಿದ್ರ ಎಣ್ಣಿ ಹೆಂಗ ಹೊರಗ ಬರತೈತ್ರಿ?” ಅಂತಿದ್ದಳು.

ಟಾಕಿ ಮುಚ್ಚಳದಾಗೂ ಗಾಳಿಗಂತ ಸಣ್ಣ ತೂತು ಇರತೈತಿ. ಅದು ತುಕ್ಕು, ಧೂಳು ತುಂಬಿ ಮುಚ್ಚಿತ್ತು. ಅದಕ್ಕ ಪೆಟ್ರೋಲು ಇಂಜನ್ ಮುಟ್ಟತಿರಲಿಲ್ಲ. ಜಾಲಿಮುಳ್ಳು ಮುರಕೊಂಡು ಕೆರದೆ. ಬಾಯಿಲೆ ಊದಿದೆ. ಗಾಳಿ ಆ ಕಡೆ ಹೊಂಟಿತು.

ಜೀಪು ಗುರ್ ಅಂತ ಚಾಲೂ ಆತು. ಹೊಳ್ಳಿಸಿ ಬಬಲೇಶ್ವರದ ದಾರಿ ಹಿಡದೆ. ಅದು ಅಕಿ ತವರೂರು.

“ರೀ, ವಿಜಯಪುರ ಆ ಕಡೆ ಐತ್ರಿ!”

“ಗೊತ್ತೈತ್ರಿ.”

ಬಬಲೇಶ್ವರದ ತನಕ ಜೀಪು ಎಲ್ಲೂ ನಿಲ್ಲಲಿಲ್ಲ.

“ಹಂಗಾದ್ರ ಮಾರಂಗಿಲ್ಲೇನ್ರಿ?” ಅಂತ ಸಾಹುಕಾರ ಇಳಿದು ಕೇಳಿದ.

“ಇಲ್ರಿ.”

ದಾರಿಯುದ್ದಕ್ಕೂ ಅವ ಅಕಿ ಜಾಗದಾಗ ಕುಂತು, ಕಂಬಿ ಹಿಡಕೊಂಡು, “ಸಾವಕಾಶ ಹೊಡೀರಿ” ಅಂತ ಒದರಿದ್ದ. ಅಕೀನೂ ಹಂಗ ಒದರತಿದ್ದಳು. ಅದಕ್ಕ ಅವಗ ಚಾ ಕುಡಿಸಿ ವಿಜಯಪುರದ ಬಸ್ ಹತ್ತಿಸಿದೆ.