ಸಹಿಗೆ ಮುಂಚಿನ ಮಡಿಲಕ್ಕಿ

ಶ್ರೀರಂಗಪಟ್ಟಣದಲ್ಲಿ ನಾವು ಬಾಡಿಗೆಗಿದ್ದದ್ದು ಮಹಡಿಯ ಮೇಲೆ. ಮೆಟ್ಟಿಲುಗಳು ಕಡಿದಾಗಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಹೆಂಡತಿಯ ಸೊಂಟದ ಮೂಳೆ ಮುರಿದು ಆಪರೇಷನ್ ಆದಾಗ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದಿದ್ದೆವು. ಆಮೇಲೆ ಅವಳು ಕೆಳಗಿಳಿಯಲಿಲ್ಲ. ಕಿಟಕಿಯಿಂದ ಕರಿಘಟ್ಟ ಕಾಣುತ್ತಿತ್ತು. "ಬೆಟ್ಟ ನೋಡಿ ಸಾಕಾಯ್ತು. ನೆಲ ತೋರಿಸಿ" ಎಂದಳು ಒಂದು ದಿನ.

ಪಾಂಡವಪುರದ ಮನೆ ನೋಡಿದ್ದು ಅದಕ್ಕೇ. ಬೀದಿಯಿಂದ ಒಂದೇ ಮೆಟ್ಟಿಲು, ಹಿತ್ತಲಲ್ಲಿ ಕರಿಬೇವಿನ ಗಿಡ. ಮಾರುವಾತ ತನ್ನ ತಂದೆ ಕಟ್ಟಿಸಿದ ಆ ಮನೆಯನ್ನು ಖಾಲಿ ಮಾಡಿ, ಊರಾಚೆ ಹೊಸದು ಕಟ್ಟಿಕೊಂಡಿದ್ದ. ಕರಾರು ಪತ್ರವಾಯಿತು, ಬ್ಯಾಂಕಿನ ಸಾಲವೂ ಮಂಜೂರಾಯಿತು. ಇನ್ನು ನೋಂದಣಿ ಒಂದೇ ಬಾಕಿ ಎಂದುಕೊಂಡೆವು.

ಮೊದಲು ಇ-ಖಾತೆ ನಿಂತಿತು. ನೋಡಬೇಕಾದ ಗುಮಾಸ್ತ ರಜೆಯಲ್ಲಿದ್ದ. ಅವನು ಬಂದಾಗ ಆಷಾಢ ಹುಟ್ಟಿತ್ತು. "ಆಷಾಢದಲ್ಲಿ ಮನೆ ಬರ್ಕೊಟ್ರೆ ನನ್ ಹೆಂಡ್ರು ನನ್ನೇ ಆಚೆಗಾಕ್ತಾಳೆ ಸಾ" ಎಂದ ಮಾರುವಾತ. ಶ್ರಾವಣ ಬಂದಾಗ ನೋಂದಣಿ ಕಚೇರಿಯ ಸರ್ವರ್ ಮಲಗಿತು. ಆ ಕಚೇರಿಯ ಮೆಟ್ಟಿಲ ಮೂಲೆಗಳಲ್ಲಿ ಎಲೆ‌ಅಡಿಕೆ ಉಗಿದು ಗೋಡೆಯೇ ಕೆಂಪಾಗಿತ್ತು. ಅದರ ಪಕ್ಕದಲ್ಲೇ ಕೂತು ಜನ ಬುತ್ತಿ ಬಿಚ್ಚಿ ತಿನ್ನುತ್ತಿದ್ದರು, ಬೇರೆ ಜಾಗವಿರಲಿಲ್ಲ. ಒಳಗೆ ಕೇಳಿದರೆ ತಲೆ ಎತ್ತದೆ "ನಾಳೆ" ಅನ್ನುತ್ತಿದ್ದರು. ನಾಳೆ ಹೋದರೂ ಅದೇ ಮಾತು. ನಮ್ಮ ದಲ್ಲಾಳಿಗೆ ಫೋನ್ ಮಾಡಿದಾಗಲೆಲ್ಲ "ಕೆ.ಆರ್.ಪೇಟೆ ಬಿಟ್ಟಿವ್ನಿ ಸಾ, ಬಂದ್ಬುಟ್ಟೆ" ಎಂಬ ಉತ್ತರ. ಆತ ಪ್ರತಿದಿನ ಕೆ.ಆರ್.ಪೇಟೆ ಬಿಡುತ್ತಿದ್ದ, ಪಾಂಡವಪುರ ತಲುಪುತ್ತಿರಲಿಲ್ಲ.

ಸಂಜೆ ಮೆಟ್ಟಿಲು ಹತ್ತಿ ಬಂದರೆ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಕೇಳುವುದನ್ನು ಆ ಹೊತ್ತಿಗಾಗಲೇ ಬಿಟ್ಟಿದ್ದಳು.

ಕೊನೆಗೆ ಸರ್ವರ್ ಎದ್ದ ದಿನ ಎಲ್ಲರೂ ಕಚೇರಿಯಲ್ಲಿ ಸೇರಿದೆವು, ಒಬ್ಬರ ಹೊರತು. ಮಾರುವಾತನ ಅಕ್ಕ ಬಂದಿರಲಿಲ್ಲ. ಅವರನ್ನು ನಾಗಮಂಗಲದ ಕಡೆಯ ಹಳ್ಳಿಗೆ ಕೊಟ್ಟಿತ್ತು. ತಂದೆಯ ಆಸ್ತಿಯಾದ್ದರಿಂದ ಅವರ ಸಹಿಯಿಲ್ಲದೆ ಆಗದು ಎಂದು ಬ್ಯಾಂಕಿನ ವಕೀಲರು ಮೊದಲೇ ಹೇಳಿದ್ದರು. "ಬತ್ತಾಳೆ, ಹೇಳಿವ್ನಿ" ಎಂದು ಈತ ನಮ್ಮನ್ನು ನಂಬಿಸಿದ್ದ. ಈಗ ಫೋನ್ ಮಾಡಿದ. ಆ ಕಡೆಯ ದನಿ ನಮಗೆಲ್ಲ ಕೇಳಿಸಿತು.

"ಫೋನ್ ಮಾಡುದ್ರೆ ಬರಕೆ ನಾನೇನು ಬಾಡಿಗೆ ಆಟೋನೇನ್ಲಾ? ಅವ್ವ ಸತ್ತ ಮನೆ ಮಾರ್ತಾ ಇದ್ದೀಯ. ಒಂದು ಅರಿಶಿನ ಕುಂಕುಮ ಇಡ್ಕಂಡು ಬಂದು ಕರಿಯಕೆ ನಿನ್ ಕಾಲು ಸವೆದೋದವಾ?"

"ಅಕ್ಕಯ್ಯ, ಟೇಮಿಲ್ಲ ಕಣಕ್ಕಯ್ಯ..."

"ನಂಗೂ ಇಲ್ಲ." ಫೋನ್ ಇಟ್ಟರು.

ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಕ್ರಮ ಗೊತ್ತಿಲ್ಲದವರಿಲ್ಲ. ಮನೆತನಕ ಹೋಗಿ ಕುಂಕುಮವಿಟ್ಟು ಕರೆಯಬೇಕು. ಹೊರಡುವಾಗ ಹೊಸ್ತಿಲ ಬಳಿ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ ತುಂಬಿ ಕಳಿಸಬೇಕು. ಈತ ಅಕ್ಕನನ್ನು ಸಹಿಗೆ ಕರೆದಿದ್ದ, ತವರಿಗೆ ಕರೆದಿರಲಿಲ್ಲ.

ಮರುದಿನ ನಾನೇ ಕಾರು ಮಾಡಿಕೊಂಡು ಆತನನ್ನು ಕೂರಿಸಿಕೊಂಡು ನಾಗಮಂಗಲದ ದಾರಿ ಹಿಡಿದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕುಂಕುಮದ ಪೊಟ್ಟಣ ಕೊಂಡ. ಅಕ್ಕನ ಮನೆ ಮುಂದೆ ಕಾರು ನಿಂತಾಗ ಇಳಿಯಲಿಲ್ಲ. ಪ್ಲಾಸ್ಟಿಕ್ ಕವರನ್ನು ನನ್ನ ಕೈಗಿಟ್ಟು, "ನೀವೇ ಕೊಟ್ಬುಡಿ ಸಾ, ನನ್ ಕಂಡ್ರೆ ರೇಗ್ತಾಳೆ" ಎಂದು ಮೊಬೈಲ್ ನೋಡತೊಡಗಿದ. ಕಚೇರಿಯ ಗೋಡೆ ಕಂಡಾಗ ಆಗಿದ್ದ ಅಸಹ್ಯ ಇದರ ಮುಂದೆ ಏನೂ ಅಲ್ಲ. ಅಲ್ಲಿ ಉಗಿದವರಿಗೆ ಆ ಗೋಡೆ ಏನೂ ಆಗಬೇಕಿರಲಿಲ್ಲ.

ಅಕ್ಕ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಕವರನ್ನೂ ನನ್ನನ್ನೂ ನೋಡಿದರು.

"ನೀವು ಯಾಕ್ ತಂದ್ರಿ ಸಾ? ನೀವು ನಂಗೆ ತಮ್ಮನಾ?"

ಮನೆ ಯಾತಕ್ಕೆ ಬೇಕು ಎಂದು ಕೇಳಿದರು. ಹೆಂಡತಿಯ ವಿಷಯ ಹೇಳಿದೆ. ಮೊರ ಕೆಳಗಿಟ್ಟು ನೇರ ಕಾರಿನ ಬಳಿ ಹೋಗಿ ಗಾಜು ಬಡಿದರು.

"ಇಳಿಲಾ ಲೇ."

ಆತ ಇಳಿದ. ನನ್ನ ಕೈಯಿಂದ ಕವರು ತೆಗೆದುಕೊಂಡು ಬೀದಿಯಲ್ಲೇ ಅಕ್ಕನ ಹಣೆಗೆ ಕುಂಕುಮವಿಟ್ಟ, ಅಂಚೆ ಚೀಟಿ ಅಂಟಿಸುವವನ ಹಾಗೆ.

"ಬತ್ತೀನಿ. ಆದ್ರೆ ಮೊದ್ಲು ಆ ಮನೆಗೆ. ಹೊಸ್ತಿಲಲ್ಲಿ ಮಡಿಲು ತುಂಬುಸ್ಕಂಡೇ ನಾನು ಸಹಿ ಆಕದು."

"ನನ್ ಹೆಂಡ್ರು ಬರಕಿಲ್ಲ ಕಣಕ್ಕಯ್ಯ."

"ಅವಳು ಬ್ಯಾಡ. ಇನ್ಮೇಕೆ ಆ ಮನೇಲಿ ಬಾಳೋಳು ಯಾರು? ಆಯಮ್ಮನೇ ತುಂಬಲಿ."

ಹೀಗಾಗಿ ನೋಂದಣಿಗೆ ಗೊತ್ತುಮಾಡಿದ ಬೆಳಿಗ್ಗೆ ಪಕ್ಕದ ಮನೆಯವರೂ ನಾನೂ ಸೇರಿ ಹೆಂಡತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದೆವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪಾಂಡವಪುರದಲ್ಲಿ ವಾಕರ್ ಹಿಡಿದು ಆ ಒಂದು ಮೆಟ್ಟಿಲನ್ನು ತಾನೇ ಹತ್ತಿದಳು. ಹೊಸ್ತಿಲ ಒಳಬದಿಗೆ ಅದೇ ಕುರ್ಚಿ ಹಾಕಿಸಿಕೊಂಡು ಕೂತು, ಮುಂದೆ ಸೆರಗೊಡ್ಡಿ ನಿಂತ ಆ ಹೆಂಗಸಿನ ಮಡಿಲಿಗೆ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಇಬ್ಬರೂ ಅತ್ತರು. ಮಾರುವಾತ ಹೊರಗಿನಿಂದ "ಬೇಗ ಬೇಗ, ಸರ್ವರ್ ಬಂದದಂತೆ" ಎಂದು ಕೂಗುತ್ತಿದ್ದ.

ಹೆಂಡತಿಯನ್ನು ಅಲ್ಲೇ ಬಿಟ್ಟು ಉಳಿದವರು ಕಚೇರಿಗೆ ಹೋದೆವು. ನಮ್ಮ ಸರದಿಗೆ ಮುಂಚೆ ಸರ್ವರ್ ಮತ್ತೆ ಮಲಗಿತು. "ನಾಳೆ" ಎಂದರು.

ವಾಪಸ್ ಬಂದಾಗ ಹೆಂಡತಿ ಹಿತ್ತಲ ಬಾಗಿಲಲ್ಲಿ ಕೂತು ಕಾಲನ್ನು ಮಣ್ಣಿನ ಮೇಲೆ ಇಟ್ಟಿದ್ದಳು. ನಡೆದದ್ದು ಹೇಳಿದೆ. "ನಾನು ಮತ್ತೆ ಆ ಮೆಟ್ಟಿಲು ಹತ್ತಲ್ಲ" ಎಂದಳು.

"ಅಂಗೆಲ್ಲ ಆಗಕಿಲ್ಲ ಸಾ" ಎಂದ ಮಾರುವಾತ, ಬೀಗ ಕೈಯಲ್ಲಿ ಹಿಡಿದು. "ರಿಜಿಸ್ಟ್ರು ಆಗ್ದೆ ಹೆಂಗಿರ್ತೀರಿ? ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಆಚೆಗ್ ಬನ್ನಿ, ಬೀಗ ಆಕ್ಬೇಕು."

ಅಕ್ಕ ಮಡಿಲಿನ ಗಂಟನ್ನು ಸೊಂಟಕ್ಕೆ ಭದ್ರ ಮಾಡಿಕೊಂಡು ಮುಂದೆ ಬಂದರು. ಕೈ ಚಾಚಿದರು.

"ಬೀಗದ ಕೈ ತತ್ತಾ."

"ಅಕ್ಕಯ್ಯ..."

"ಸಹಿಗೆ ನಾನು ಬೇಕು ಅಂದ್ಯಲ್ಲ? ಅದು ಆಗೋಗಂಟ ಈ ಮನೆ ನಂದೂವೆ. ನನ್ ಮನೇಲಿ ನನ್ ನೆಂಟ್ರು ಇರ್ತಾರೆ. ಓಗು, ಒಂದು ಚಾಪೆ, ಒಂದು ಒಲೆ ಕಳುಸು. ನಾನೂ ಇಲ್ಲೇ ಇರ್ತೀನಿ."

ಆತ ದಲ್ಲಾಳಿಯ ಕಡೆ ತಿರುಗಿದ. ದಲ್ಲಾಳಿ ಅಲ್ಲಿರಲಿಲ್ಲ, ಕೆ.ಆರ್.ಪೇಟೆ ಬಿಡುತ್ತಿದ್ದಿರಬೇಕು. ಬೀಗದ ಕೈ ಕೊಟ್ಟು ಹೋದ. ಚಾಪೆಯನ್ನೂ ಕಳಿಸಲಿಲ್ಲ, ಒಲೆಯನ್ನೂ ಕಳಿಸಲಿಲ್ಲ. ನಾನೇ ಹೋಗಿ ತಂದೆ.

ಸರ್ವರ್ ಏಳುವವರೆಗೆ ಆ ಇಬ್ಬರು ಹೆಂಗಸರೂ ಅಲ್ಲೇ ಇದ್ದರು. ಮೊದಲ ಸಂಜೆ ಅಕ್ಕ ಮಡಿಲು ಬಿಚ್ಚಿ, ಅದೇ ಅಕ್ಕಿಯಲ್ಲಿ ಅನ್ನ ಮಾಡಿದರು. ಸಾರಿಗೆ ಕರಿಬೇವು ಬೇಕಾಯಿತು. ಹೆಂಡತಿ ವಾಕರ್ ಹಿಡಿದು ತಾನೇ ಹಿತ್ತಲಿಗೆ ಹೋಗಿ ಕಿತ್ತು ತಂದಳು.