ರುದ್ರಮ್ಮ ಬರೆದ ಮನೆ ನಂಬರುಗಳು

ಬನಶಂಕರಿ ಮೂರನೇ ಹಂತದಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅವನ್ನು ಕಟ್ಟುವವರು ಇಟ್ಟಮಡುವಿನ ಅಂಚಿನ ಶೆಡ್ಡುಗಳಲ್ಲಿ ಇದ್ದರು. ಒಟ್ಟು ನಲವತ್ತೇಳು ಶೆಡ್ಡು, ಅದರಲ್ಲೊಂದು ರುದ್ರಮ್ಮನದು. ಗಾರೆ ಕೆಲಸದವಳು. ತಲೆಯ ಮೇಲೆ ಇಟ್ಟಿಗೆ ಹೊತ್ತು ಏಣಿ ಹತ್ತುವಾಗಲೂ ಕೆಳಗಿದ್ದವರನ್ನು ನಗಿಸುತ್ತಿದ್ದಳು. ಆದರೆ ಕೆಲಸ ನಿಂತ ವಾರಗಳಲ್ಲಿ ಮಕ್ಕಳಿಗೆ, ಗಂಡನಿಗೆ ಅಂಬಲಿ ಬಡಿಸಿ, ತಾನು ನೀರು ಕುಡಿದು ಮಲಗುವುದು ಅವಳಿಗೂ ಅಲ್ಲಿನ ಎಲ್ಲ ಹೆಂಗಸರಿಗೂ ರೂಢಿಯಾಗಿಹೋಗಿತ್ತು.

೧೯೭೯ರಲ್ಲಿ ಜಯನಗರದ ಟೀಚರ್ ಸೀತಾಲಕ್ಷ್ಮಿ ಪ್ರತಿ ಭಾನುವಾರ ಮಧ್ಯಾಹ್ನ ಬಂದು, ಹೊಂಗೆಮರದ ಕೆಳಗೆ ಹೆಂಗಸರಿಗೆ ಓದುಬರಹ ಕಲಿಸತೊಡಗಿದರು. ಮೊದಲ ದಿನ, "ನಿಮಗೆ ಯಾವ ಪದ ಬರೆಯೋಕೆ ಆಸೆ?" ಎಂದು ಕೇಳಿದರು. ಎಲ್ಲರೂ ತಂತಮ್ಮ ಹೆಸರು ಹೇಳಬಹುದೆಂದು ಅವರ ಎಣಿಕೆ.

"ಅಕ್ಕಿ," ಎಂದಳು ರುದ್ರಮ್ಮ.

ಉಳಿದವರು ನಕ್ಕರು. ಟೀಚರ್ ಹಲಗೆಯ ಮೇಲೆ 'ಅಕ್ಕಿ' ಎಂದು ಬರೆದು, "ರೇಷನ್ ಅಕ್ಕಿ ತರಲ್ವಾ ನೀವು?" ಎಂದರು. ಯಾರ ಹತ್ತಿರವೂ ಕಾರ್ಡು ಇರಲಿಲ್ಲ. ಕಾರ್ಡಿಗೂ ಒಂದು ಅರ್ಜಿ ಇರುತ್ತದೆ, ಅದನ್ನು ಕೇಳುವುದಕ್ಕೆ ತಮಗೂ ಹಕ್ಕಿದೆ ಎಂಬುದು ಆವತ್ತೇ ಅವರಿಗೆ ತಿಳಿದದ್ದು.

ಮೂರು ತಿಂಗಳಲ್ಲಿ ಅಕ್ಷರ, ಅಂಕಿ ಕೈಗೆ ಹತ್ತಿದವು. ಆಗ ಆರು ಜನ ಕೂಲಿ ಬಿಟ್ಟು ರೇಷನ್ ಆಫೀಸಿಗೆ ಹೋದರು. ಗುಮಾಸ್ತ ಅರ್ಜಿ ವಾಪಸು ಕೊಟ್ಟ.

"ಮನೆ ನಂಬರ್ ಇಲ್ವಲ್ಲಮ್ಮ. ನಂಬರ್ ಇಲ್ದಿದ್ರೆ ಮನೇನೇ ಇಲ್ಲ ಅಂತ ಅರ್ಥ."

ರುದ್ರಮ್ಮ ಮೇಸ್ತ್ರಿ ಪಿಳ್ಳಣ್ಣನನ್ನು ಕಾಡಿ, ಡಬ್ಬದ ತಳದಲ್ಲಿ ಉಳಿದಿದ್ದ ನೀಲಿ ಪೇಂಟು ಇಸಿದುಕೊಂಡು ಬಂದಳು. "ನಂಬರ್ ತಾನೇ ಬೇಕಾಗಿರೋದು ಟೀಚರಮ್ಮ? ನಾವೇ ಬರ್ಕೊಳ್ಳೋಣ."

"ನೀವೇ ಬರ್ಕೊಂಡ್ರೆ ಒಪ್ತಾರಾ ರುದ್ರಮ್ಮ?"

"ಜಯನಗರದ್ದೇನು ದೇವ್ರು ಬಂದು ಬರೆದ್ನಾ?"

ಒಂದನೇ ನಂಬರು ಯಾರಿಗೆ ಎಂಬುದಕ್ಕೇ ಅರ್ಧ ದಿನ ಜಗಳವಾಯಿತು. ಕೂಲಿಗೆ ಹೋಗಲಾರದೆ ಎಲ್ಲರಿಗಿಂತ ಹೆಚ್ಚು ಉಪವಾಸ ಬೀಳುತ್ತಿದ್ದ ಮುದುಕಿ ಮರಿಯಮ್ಮನಿಗೆ ಎಂದು ಕಡೆಗೆ ತೀರ್ಮಾನವಾಯಿತು. ಸಂಜೆಯೊಳಗೆ ರುದ್ರಮ್ಮ ನಲವತ್ತೇಳು ಬಾಗಿಲಿಗೂ ಕನ್ನಡ ಅಂಕಿ ಬರೆದು ಮುಗಿಸಿದಳು. ಮೊಣಕೈವರೆಗೂ ನೀಲಿ. ಟೀಚರ್ ಶೆಡ್ಡುಗಳ ನಕ್ಷೆ ಬರೆದುಕೊಟ್ಟರು. ಹೊಸ ಅರ್ಜಿಯಲ್ಲಿ ಹತ್ತೊಂಬತ್ತು ಸಹಿ ಬಿದ್ದವು, ಮಿಕ್ಕವು ಹೆಬ್ಬೆಟ್ಟು.

ಮತ್ತೆರಡು ಸಲ "ಆಮೇಲೆ ಬನ್ನಿ" ಎಂಬ ಉತ್ತರ. ಮೂರನೇ ಸಲ ರುದ್ರಮ್ಮ ನಲವತ್ತು ಹೆಂಗಸರನ್ನು ಹೊರಡಿಸಿದಳು. ಗಲಾಟೆ ಮಾಡಲಿಲ್ಲ. ಆಫೀಸಿನ ಜಗಲಿಯಲ್ಲಿ ಸಾಲಾಗಿ ಕೂತು, ಸ್ಲೇಟು ತೆಗೆದು, ಒಟ್ಟಾಗಿ ಕಾಗುಣಿತ ಹೇಳತೊಡಗಿದರು. ಒಳಗೆ ಟೆಲಿಫೋನಿನ ಮಾತು ಕೇಳಿಸದಂತಾಗಿ ಸಾಹೇಬರೇ ಎದ್ದು ಬಂದರು.

"ಏನ್ರಮ್ಮ ಇದು, ಸ್ಕೂಲಾ?"

"ನಮ್ಮ ಮನೆ ನೋಡೋಕೆ ಯಾರನ್ನಾದ್ರೂ ಕಳಿಸಿ ಸಾರ್. ಅಲ್ಲೀವರ್ಗೂ ಇಲ್ಲೇ ಓದ್ಕೋತೀವಿ," ಎಂದಳು ರುದ್ರಮ್ಮ.

ಮಾರನೇ ದಿನವೇ ರೇಷನ್ ಆಫೀಸಿನ ಇನ್ಸ್‌ಪೆಕ್ಟರ್ ಬದರಿನಾಥರು ಬಂದರು. ಮರಿಯಮ್ಮನ ಬರಿದಾದ ಪಾತ್ರೆಗಳನ್ನು ನೋಡಿ ರಿಜಿಸ್ಟರಿನಲ್ಲಿ ಅವಳ ಹೆಸರನ್ನೇ ಮೊದಲು ಬರೆದುಕೊಂಡರು. ಮುಂದೆ ಒಂದು ಬಾಗಿಲ ಬಳಿ ತಡೆದು ನಿಂತರು. "ಆರನೇ ನಂಬರ್ ಎರಡು ಕಡೆ ಬರೆದಿದೀರಲ್ಲಮ್ಮ."

"ಅದು ಒಂಬತ್ತು ಸಾರ್." ರುದ್ರಮ್ಮ ಕಡ್ಡಿ ತಗೊಂಡು ನೆಲದ ಮೇಲೆ ಎರಡೂ ಅಂಕಿ ಬರೆದು ತೋರಿಸಿದಳು.

ಬದರಿನಾಥರು ರಿಜಿಸ್ಟರಿನ ಅಂಚಿನಲ್ಲಿ ತಾವೂ ಬರೆದು ನೋಡಿ ನಕ್ಕುಬಿಟ್ಟರು. "ಇಂಗ್ಲಿಷ್ ಅಂಕಿಲೇ ಬರ್ದು ಬರ್ದು ಇದು ಮರ್ತೇಹೋಗಿದೆ." ಹೊರಡುವಾಗ, "ಇವೆಲ್ಲ ಮನೆಗಳೇ ಕಣಮ್ಮ. ಹಾಗೇ ಬರೀತೀನಿ," ಎಂದರು. ಬರೆದರು ಕೂಡ.

ಗೌರಿ ಹಬ್ಬಕ್ಕೆ ಮುಂಚೆ ಕಾರ್ಡು ಬಂದವು. ಅಕ್ಕಿ ಬಂದ ದಿನ ಸಂಜೆ ನಲವತ್ತೇಳು ಒಲೆಯ ಮೇಲೂ ಒಟ್ಟಿಗೇ ಅನ್ನ ಬೆಂದಿತು. ಮರಿಯಮ್ಮ ಮೂರು ಸಲ ಹಾಕಿಸಿಕೊಂಡು, ಹೊಟ್ಟೆ ಭಾರ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ರುದ್ರಮ್ಮ ಅಂದು ಮಕ್ಕಳ ಜೊತೆಗೇ ತಟ್ಟೆ ಹಾಕಿಕೊಂಡು ಕೂತಳು. ಹೀಗೆ ಕೂತು ಉಂಡದ್ದು ಎಷ್ಟು ದಿನಗಳ ಹಿಂದೆ ಎಂದು ಅವಳಿಗೇ ನೆನಪಾಗಲಿಲ್ಲ.

ಆಮೇಲೆ ಅವಳು ಸುಮ್ಮನಿರಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ತಲಘಟ್ಟಪುರದ ಕಡೆ ಕಲ್ಲು ಒಡೆಯುವವರ ಶೆಡ್ಡುಗಳಿಗೆ ಹೋಗಿ, ಅಲ್ಲಿನ ಹೆಂಗಸರಿಗೆ ಅರ್ಜಿ ಬರೆಯುವುದನ್ನು ಹೇಳಿಕೊಟ್ಟಳು. ಇಟ್ಟಮಡುವಿಗೆ ಅಂಗನವಾಡಿ ಬೇಕೆಂದು ಐದು ವರ್ಷ ಅಲೆದಳು. ೧೯೮೫ರಲ್ಲಿ ಅದು ಬಂದಿತು. ಮೊದಲ ದಿನ ಉಪ್ಪಿಟ್ಟು. ಪುಟ್ಟ ಹುಡುಗಿಯೊಂದು ಎರಡನೇ ಸಲ ತಟ್ಟೆ ಚಾಚಿದಾಗ ಆಯಾ ಹಿಂದುಮುಂದು ನೋಡಿದಳು. ರುದ್ರಮ್ಮ ಸೌಟು ಇಸಿದುಕೊಂಡು, "ಇನ್ನೂ ಬೇಕಾ ಕಂದ?" ಎಂದು ತಾನೇ ಬಡಿಸತೊಡಗಿದಳು.